ಜಯನಗರದ ಹಾರ್ಮೋನ್ ಕ್ಲಿನಿಕ್: ಕೇಳಿದ ಇಂಜೆಕ್ಷನ್ ಕೊಡಲಿಲ್ಲ, ಆದರೂ ಹೋಗಿ ಅಂತೀನಿ

ನಲವತ್ತೈದು ದಾಟಿದ ಗಂಡಸು ಒಮ್ಮೆ ಫೋನಿನಲ್ಲಿ ಸುಸ್ತು ಅಂತ ಹುಡುಕಿದರೆ ಸಾಕು, ಜಾಹೀರಾತುಗಳು ಬೆನ್ನು ಹತ್ತುತ್ತವೆ. ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಕಮ್ಮಿ ಆಗಿದೆ, ಶಿಲಾಜಿತ್ ತಗೊಳ್ಳಿ, ಅಶ್ವಗಂಧ ತಗೊಳ್ಳಿ, ನಮ್ಮಲ್ಲಿಗೆ ಬನ್ನಿ. ನನಗೆ 49. ಶುಗರ್‌ಗೆ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದೇನೆ. ಮಧ್ಯಾಹ್ನ ಆಫೀಸಿನಲ್ಲಿ ಕಣ್ಣು ಎಳೆಯುತ್ತಿತ್ತು, ಮನೆಗೆ ಬಂದರೆ ಸೋಫಾ ಬಿಟ್ಟು ಏಳೋಕೆ ಮನಸ್ಸಿರಲಿಲ್ಲ, ಇನ್ನು ಹಾಸಿಗೆಯ ವಿಷಯ ಬಿಡಿ, ನಿಮಗೇ ಅರ್ಥ ಆಗುತ್ತೆ.

ಮೊದಲು ಹೋಗಿದ್ದು ಗಂಡಸರ ವೆಲ್‌ನೆಸ್ ಸೆಂಟರ್ ಅಂತ ಬೋರ್ಡ್ ಹಾಕಿಕೊಂಡ ಒಂದು ಜಾಗಕ್ಕೆ, ಹೆಸರು ಬೇಡ. ಎಸಿ, ಮೆತ್ತನೆ ಕುರ್ಚಿ, ಗ್ರೀನ್ ಟೀ ಎಲ್ಲಾ ಇತ್ತು. ಊಟ ಮುಗಿಸಿ ಹೋಗಿದ್ದೆ, ಅಲ್ಲೇ ರಕ್ತ ತೆಗೆದುಕೊಂಡರು. ಮರುದಿನವೇ ಫೋನು: "ಸರ್, ನಿಮ್ಮ ಟೆಸ್ಟೋಸ್ಟೆರಾನ್ 262, ತುಂಬಾ ಕಮ್ಮಿ, ಆರು ತಿಂಗಳ ಇಂಜೆಕ್ಷನ್ ಪ್ಯಾಕೇಜ್ ಇದೆ, ಇಎಂಐ ಮಾಡಿಕೊಡ್ತೀವಿ." ಮಾತಾಡಿದವನು ಡಾಕ್ಟರ್ ಅಲ್ಲ, ಸೇಲ್ಸ್ ಹುಡುಗ. ದುಡ್ಡು ಕಟ್ಟೋ ಮುಂಚೆ ಇನ್ನೊಬ್ಬರಿಗೆ ತೋರಿಸೋಣ ಅಂತ ಹೆಂಡತಿ ಹಟ ಹಿಡಿದಳು. ಹಾಗೆ ಇಲ್ಲಿಗೆ ಬಂದೆವು.

ಈ ಡಾಕ್ಟರ್ 262 ಕಡೆ ಕಣ್ಣೇ ಹಾಯಿಸಲಿಲ್ಲ. ರಿಪೋರ್ಟಿನ ಮೇಲ್ಗಡೆ ಸ್ಯಾಂಪಲ್ ತೆಗೆದ ಹೊತ್ತು ಸಣ್ಣ ಅಕ್ಷರದಲ್ಲಿ ಇರುತ್ತಲ್ವಾ, ಮಧ್ಯಾಹ್ನ 3:40 ಅಂತ, ಅದರ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದರು. "ಇದು ಲೆಕ್ಕಕ್ಕಿಲ್ಲ ಸರ್" ಅಂದರು. ಈ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇರುತ್ತದೆ, ಹೊತ್ತು ಹೋದಂತೆ ಇಳಿಯುತ್ತದೆ, ಊಟ ಮಾಡಿದರೂ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ 10ರ ಒಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡಬೇಕಂತೆ. ಎರಡೂ ಸಲ ಕಮ್ಮಿ ಬಂದು, ಲಕ್ಷಣಗಳೂ ಇದ್ದರೆ ಮಾತ್ರ ಮುಂದಿನ ಮಾತು. ಆಗಲೂ ಎಲ್‌ಎಚ್, ಪ್ರೊಲ್ಯಾಕ್ಟಿನ್ ಅನ್ನುವ ಬೇರೆ ಹಾರ್ಮೋನ್‌ಗಳನ್ನು ನೋಡಿ, ತೊಂದರೆ ಬೀಜದಲ್ಲಿದೆಯೋ (ವೃಷಣ) ಮೆದುಳಿನ ಕೆಳಗಿನ ಪಿಟ್ಯುಟರಿಯಲ್ಲಿದೆಯೋ ಅಂತ ಪತ್ತೆ ಮಾಡಬೇಕು.

ಖಾಸಗಿ ಪ್ರಶ್ನೆಗಳಿದ್ದಾಗ ಹೆಂಡತಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದರು. ಈ ಸೂಕ್ಷ್ಮ ನನಗೆ ಹಿಡಿಸಿತು. ಆಮೇಲೆ ಒಳಗೆ ಕರೆದು ಅವಳನ್ನೇ ಕೇಳಿದರು, "ಇವರು ಗೊರಕೆ ಹೊಡೀತಾರಾಮ್ಮ?" ಕೇಳೋದೇ ತಡ, "ಗೊರಕೆ ಬಿಡಿ ಡಾಕ್ಟ್ರೇ, ಮಧ್ಯದಲ್ಲಿ ಉಸಿರೇ ನಿಂತ ಹಾಗಾಗುತ್ತೆ, ನಾನೇ ತಟ್ಟಿ ಎಬ್ಬಿಸ್ತೀನಿ" ಅಂತ ವರ್ಷಗಳ ದೂರನ್ನೆಲ್ಲಾ ಹೊರಗೆ ಹಾಕಿದಳು. ಡಾಕ್ಟರ್ ಟೇಪ್ ತಗೊಂಡು ನನ್ನ ಹೊಟ್ಟೆಯ ಜೊತೆ ಕತ್ತಿನ ಸುತ್ತಳತೆಯನ್ನೂ ಬರೆದುಕೊಂಡರು. ದರ್ಜಿ ಬಿಟ್ಟರೆ ನನ್ನ ಕತ್ತು ಅಳೆದವರು ಇವರೊಬ್ಬರೇ.

ಬೆಳಗಿನ ಎರಡೂ ಟೆಸ್ಟ್‌ಗಳು 340ರ ಮೇಲೆ ಬಂದವು, ಅಂದರೆ ಕಮ್ಮಿ ಏನಲ್ಲ. ಥೈರಾಯ್ಡ್ ಸರಿ ಇತ್ತು, ಹಿಮೋಗ್ಲೋಬಿನ್ ಸರಿ ಇತ್ತು. ಬಿ12 ಮಾತ್ರ ಪಾತಾಳದಲ್ಲಿತ್ತು. ಮೆಟ್‌ಫಾರ್ಮಿನ್ ಬಹಳ ವರ್ಷ ತಗೊಂಡರೆ ಬಿ12 ಮೈಗೆ ಹತ್ತೋದು ಕಮ್ಮಿಯಾಗುತ್ತದೆ, ಮೇಲಾಗಿ ನಮ್ಮದು ಸಸ್ಯಾಹಾರ. ನಿದ್ದೆಯ ಟೆಸ್ಟ್‌ನಲ್ಲಿ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ಇದೆ ಅಂತ ಗೊತ್ತಾಯಿತು. ಹೊಟ್ಟೆ ಬಂದವರಿಗೆ, ಶುಗರ್ ಇರುವವರಿಗೆ ಟೆಸ್ಟೋಸ್ಟೆರಾನ್ ಸ್ವಲ್ಪ ಕೆಳಗೇ ಇರುತ್ತದೆ, ತೂಕ ಇಳಿಸಿದರೆ ತಾನಾಗಿ ಏರುತ್ತದೆ ಅಂದರು.

ಆದರೂ ನಾನು ಬಿಡಲಿಲ್ಲ, ಸುಮ್ನೆ ಒಂದು ಇಂಜೆಕ್ಷನ್ ಕೊಟ್ಟು ನೋಡಿದರೆ ಏನಾಗುತ್ತೆ ಅಂತ ಕೇಳಿದೆ. ಬೈಯಲಿಲ್ಲ, ಹಾಳೆ ಮೇಲೆ ಚಿತ್ರ ಬರೆದು ತೋರಿಸಿದರು. ಹೊರಗಿನಿಂದ ಹಾರ್ಮೋನ್ ಬಂದರೆ ಪಿಟ್ಯುಟರಿ ತನ್ನ ಸಂದೇಶ ನಿಲ್ಲಿಸುತ್ತದೆ, ಬೀಜದ ಕೆಲಸ ನಿಧಾನವಾಗುತ್ತದೆ, ವೀರ್ಯಾಣು ಪೂರ್ತಿ ನಿಂತರೂ ನಿಲ್ಲಬಹುದು. ಮಕ್ಕಳು ಬೇಕು ಅನ್ನುವವರು ಇದನ್ನು ಎರಡು ಸಲ ಓದಿ. ರಕ್ತ ಗಟ್ಟಿಯಾಗುತ್ತದೆ, ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 54 ದಾಟಿದರೆ ಔಷಧಿ ನಿಲ್ಲಿಸಬೇಕು, ಪ್ರೋಸ್ಟೇಟ್‌ಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆ ನೋಡುತ್ತಿರಬೇಕು. 2023ರಲ್ಲಿ ಬಂದ ಟ್ರಾವರ್ಸ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಹೆಚ್ಚಾಗಲಿಲ್ಲ, ಆದರೆ ಎದೆಬಡಿತ ಏರುಪೇರಾಗೋದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟೋದು ಸ್ವಲ್ಪ ಜಾಸ್ತಿ ಕಂಡಿತು. ಅದೂ ನಿಜವಾಗಿ ಕಮ್ಮಿ ಇದ್ದವರ ಮೇಲೆ ಮಾಡಿದ್ದು. ಪಿಟ್ಯುಟರಿ ಗಡ್ಡೆ ಇರುವವರಿಗೆ, ಹುಟ್ಟಿನಿಂದಲೇ ಹಾರ್ಮೋನ್ ತೊಂದರೆ ಇರುವವರಿಗೆ ಇದೇ ಔಷಧಿ ಬದುಕು ಬದಲಿಸುತ್ತದೆ ಅಂತಲೂ ಹೇಳಿದರು. ಅವರಿಗೆ ಇಲ್ಲೇ ಕೊಡುತ್ತಾರೆ, ಜೆಲ್ ಅಥವಾ ಕೆಲವು ವಾರಗಳಿಗೊಮ್ಮೆ ಇಂಜೆಕ್ಷನ್.

ಈಗ ಬಿ12 ನಡೆಯುತ್ತಿದೆ, ರಾತ್ರಿ ಸಿಪ್ಯಾಪ್ ಮೆಷಿನ್, ಅಂದರೆ ಉಸಿರು ಕಟ್ಟದ ಹಾಗೆ ಗಾಳಿ ಒತ್ತುವ ಯಂತ್ರ, ಅದರ ಮಾಸ್ಕ್ ಹಾಕಿಕೊಂಡು ಮಲಗುತ್ತೇನೆ. ಮಾಸ್ಕ್ ದೊಡ್ಡ ಹಿಂಸೆ ಸ್ವಾಮಿ, ನಿದ್ದೆಯಲ್ಲೇ ಕಿತ್ತು ಎಸೆದಿದ್ದೂ ಇದೆ. ಆದರೆ ಮಧ್ಯಾಹ್ನದ ತೂಕಡಿಕೆ ಹೋಗಿದೆ. ಇನ್ನೊಂದು ವಿಷಯ ಅರ್ಧಂಬರ್ಧ ಸುಧಾರಿಸಿದೆ. ತೂಕ ಇನ್ನೂ ಹಟ ಮಾಡುತ್ತಿದೆ.

ಇನ್ನು ಬೈಯೋದು. ಸಂಜೆ ಆರಕ್ಕೆ ಅಪಾಯಿಂಟ್‌ಮೆಂಟ್ ಅಂದರೆ ಏಳೂವರೆ ಅಂತಲೇ ತಿಳಿಯಿರಿ, ಶನಿವಾರ ಕೂರೋಕೂ ಜಾಗ ಇರಲ್ಲ. ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ, ಐದನೆಯದನ್ನು ಬಿಲ್ಲಿಂಗ್ ಕೌಂಟರ್‌ನ ಹುಡುಗ ಕಳೆದ. ಹಾಲ್ ತುಂಬಾ ಜನ ಇದ್ದಾಗ "ಟೆಸ್ಟೋಸ್ಟೆರಾನ್ ಯಾರು ಸರ್?" ಅಂತ ಕೂಗಿದ. ನಾನು ಫೋನ್ ನೋಡುತ್ತಾ ಕೂತೆ. ಮತ್ತೆ ಇನ್ನೂ ಜೋರಾಗಿ ಕೂಗಿದ. ಟೋಕನ್ ನಂಬರ್ ಕೂಗಿದರೆ ಸಾಕಾಗಲ್ವೇನ್ರೀ?