ಪೈಥಾನ್‌ನಲ್ಲಿ ಹಣದ ಮೊತ್ತ: ಇಂಟ್‌ನ ಉಪವರ್ಗವೇ, ಸ್ವತಂತ್ರ ಕ್ಲಾಸೇ, ನ್ಯೂಟೈಪೇ?

ಪೈಸೆಗಳ ಮೊತ್ತವನ್ನು ಹಿಡಿದಿಡಲು ಪೂರ್ಣಾಂಕಗಳ ಟೈಪಾದ ಇಂಟ್‌ನಿಂದ ಅದರ ಗುಣಗಳನ್ನೆಲ್ಲ ಪಡೆಯುವ ‘ಪೈಸೆ’ ಎಂಬ ಉಪವರ್ಗ ಮಾಡಬೇಕೇ, ಒಳಗೊಂದು ಇಂಟ್ ಇಟ್ಟುಕೊಂಡ ಸ್ವತಂತ್ರ ಕ್ಲಾಸ್ ಬರೆಯಬೇಕೇ, ಅಥವಾ ಇರುವ ಟೈಪಿಗೇ ಬೇರೆ ಹೆಸರಿನ ಗುರುತು ಕೊಡುವ, ಟೈಪಿಂಗ್ ಮಾಡ್ಯೂಲಿನ ನ್ಯೂಟೈಪ್ ಸಾಕೇ ಎಂಬುದು ನಿಮ್ಮ ಪ್ರಶ್ನೆ.

ಶ್ರಮದ ದೃಷ್ಟಿಯಿಂದ ಉಪವರ್ಗವು ಎರಡೇ ಸಾಲಿನಲ್ಲಿ ಮುಗಿದಂತೆ ಕಾಣುತ್ತದೆ. ಆದರೆ ಪೈಸೆ(500) ಮತ್ತು ಪೈಸೆ(300) ಕೂಡಿಸಿದರೆ ಸಿಗುವುದು ಬರಿಯ ಇಂಟ್ 800. ಪೈಸೆಯೆಂಬ ಗುರುತು ಮೊದಲ ಸಂಕಲನದಲ್ಲೇ ಕಳಚಿಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಕೂಡುವ, ಕಳೆಯುವ, ಗುಣಿಸುವ ಒಂದೊಂದು ಮೆಥಡನ್ನೂ ಮತ್ತೆ ಬರೆಯಬೇಕು. ಇಂಟ್ ಬದಲಾಗದ ವಸ್ತುವಾದ್ದರಿಂದ, ಆರಂಭಿಕ ಮೌಲ್ಯವನ್ನು ತಿದ್ದುವ ಕೆಲಸ ವಸ್ತು ಹುಟ್ಟಿದ ಮೇಲೆ ಓಡುವ ಇನಿಟ್‌ (__init__) ಮೆಥಡ್‌ನಲ್ಲಿ ಆಗದು, ವಸ್ತುವನ್ನು ಹುಟ್ಟಿಸುವ ನ್ಯೂ (__new__) ಮೆಥಡ್‌ನಲ್ಲೇ ಆಗಬೇಕು. ಇಷ್ಟು ಬರೆಯುವುದಾದರೆ ಸ್ವತಂತ್ರ ಕ್ಲಾಸನ್ನೇ ಏಕೆ ಬರೆಯಬಾರದು ಎಂದು ನನಗನ್ನಿಸುತ್ತದೆ.

ಸುರಕ್ಷತೆಯಲ್ಲಿ ಅಂತರ ಇನ್ನೂ ದೊಡ್ಡದು. ಪೈಸೆ(5) ಮತ್ತು ಇಂಟ್‌ನಿಂದಲೇ ಹುಟ್ಟಿದ ಗ್ರಾಮ್(5) ಸಮವೆಂದೇ ಪೈಥಾನ್ ಹೇಳುತ್ತದೆ. ಡಿಕ್ಷನರಿಯಲ್ಲಿ ಎರಡೂ ಒಂದೇ ಕೀ ಆಗುತ್ತವೆ. ಇವೆರಡನ್ನೂ ಸ್ವತಂತ್ರ ಕ್ಲಾಸುಗಳಾಗಿ ಬರೆದು ಒಂದಕ್ಕೊಂದು ಕೂಡಿಸಹೊರಟರೆ, ನೀವು ಅನುಮತಿಸದ ಹೊರತು, ಟೈಪ್‌ಎರರ್ ಎಂಬ ದೋಷ ಬರುತ್ತದೆ. ನ್ಯೂಟೈಪ್ ಓಡುವಾಗ ಏನನ್ನೂ ತಡೆಯದು, ಕೋಡನ್ನು ಓಡಿಸದೆಯೇ ಟೈಪುಗಳನ್ನು ನೋಡುವ ಮೈಪೈಯಂಥ ಪರೀಕ್ಷಕಕ್ಕೆ ಮಾತ್ರ ಕಾಣುತ್ತದೆ.

ಹೊಂದಾಣಿಕೆಯಲ್ಲಿ ಉಪವರ್ಗವೇ ಮೇಲು: ದತ್ತಾಂಶವನ್ನು ಪಠ್ಯವಾಗಿ ಬರೆಯುವ ಜೇಸನ್ ಮಾಡ್ಯೂಲ್ ಅದನ್ನು ಸಂಖ್ಯೆಯಾಗಿಯೇ ಬರೆಯುತ್ತದೆ, ಸ್ವತಂತ್ರ ಕ್ಲಾಸಿಗೆ ಪರಿವರ್ತಕ ಬೇಕು. ಪಟ್ಟಿಯ ಮೊತ್ತ ಹೇಳುವ ಸಮ್ ಫಂಕ್ಷನ್ ಕೂಡ 0ಯಿಂದ ಶುರುವಾಗುವುದರಿಂದ ಸ್ವತಂತ್ರ ಕ್ಲಾಸಿನಲ್ಲಿ ಎಡವುತ್ತದೆ.

ಲೆಕ್ಕಾಚಾರ ಹೆಚ್ಚಿದ್ದು ಘಟಕಗಳು ಬೆರೆಯುವ ಭಯವಿದ್ದರೆ ಸ್ವತಂತ್ರ ಕ್ಲಾಸ್, ಗ್ರಾಹಕ ಸಂಖ್ಯೆಯಂತೆ ಕೂಡಿಸದ ಗುರುತುಗಳಿಗೆ ನ್ಯೂಟೈಪ್, ಇಂಟ್ ಅನ್ನೇ ಕೇಳುವ ಹಳೆಯ ಲೈಬ್ರರಿಗೆ ಮುದ್ರಣರೂಪ ಮಾತ್ರ ಬದಲಿಸಿ ಕೊಡುವುದಿದ್ದರೆ ಉಪವರ್ಗ ಸೂಕ್ತ.