ದಿಂಬು ಲಾವಾ ಪರೀಕ್ಷೆಗೆ ಪೀಣ್ಯದ ಲ್ಯಾಬ್: ಯಾವ ಅಂಕಿ ನಂಬಬಹುದು, ಯಾವುದು ಬೇಡ

ಪೀಣ್ಯದ ಈ ಖಾಸಗಿ ಲ್ಯಾಬ್‌ಗೆ ಬರುವುದು ಹೆಚ್ಚಾಗಿ ಸಿಮೆಂಟ್, ಅದಿರು, ಗ್ರಾನೈಟ್. ಓಫಿಯೊಲೈಟ್‌ನ (ನೆಲದ ಮೇಲೆ ಬಂದು ಕೂತ ಹಳೆಯ ಸಾಗರತಳದ ತುಂಡು) ಬಸಾಲ್ಟ್ ಕೊಟ್ಟರೂ ರಸೀದಿಯಲ್ಲಿ ‘ಕಪ್ಪು ಕಲ್ಲು’ ಅಂತಲೇ ಬರೆಯುತ್ತಾರೆ. ಸ್ಯಾಂಪಲ್ ನಂಬರನ್ನು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ, ಮುಚ್ಚಳಗಳು ಅದಲುಬದಲಾಗುತ್ತವೆ.

ಮುಖ್ಯ ಆಕ್ಸೈಡ್‌ಗಳಲ್ಲಿ ತಕರಾರಿಲ್ಲ. ಎಕ್ಸ್‌ಆರ್‌ಎಫ್‌ಗೆ (ಎಕ್ಸ್-ಕಿರಣ ಹಾಯಿಸಿ ಧಾತುಗಳನ್ನು ಅಳೆಯುವ ಯಂತ್ರ) ಗಾಜಿನ ಬಿಲ್ಲೆ ಮಾಡಿ ಅಳೆಯುತ್ತಾರೆ, ಕಾಯಿಸಿದಾಗ ಕಳೆಯುವ ತೂಕ (ಎಲ್‌ಒಐ) ಸೇರಿಸಿದರೆ ಮೊತ್ತ ಶೇ. 99ರಿಂದ 101ರೊಳಗೆ ನಿಲ್ಲುತ್ತದೆ. ಆದರೆ ಆ ಎಲ್‌ಒಐ ಅಂಕಿಯನ್ನು ಕೇಳಿದರಷ್ಟೇ ಕೊಡುತ್ತಾರೆ. ಸಮುದ್ರದ ನೀರು ಕುಡಿದ ದಿಂಬು ಲಾವಾದಲ್ಲಿ (ನೀರಿನಡಿ ಉಕ್ಕಿ ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ) ಅದು ಶೇ. 3–5 ಇರುವುದು ಸಾಮಾನ್ಯ. ಅದಿಲ್ಲದೆ ಮೊತ್ತ 96 ಬಂದರೆ ಲ್ಯಾಬ್ ತಪ್ಪು ಮಾಡಿದೆ ಅನ್ನಿಸುತ್ತದೆ. ಪೊಟ್ಯಾಸಿಯಂ, ರುಬಿಡಿಯಂ, ಬೇರಿಯಂ ಅಂಕಿಗಳು ಚೆಲ್ಲಾಪಿಲ್ಲಿಯಾಗಿದ್ದರೂ ಲ್ಯಾಬನ್ನು ಬೈಯಬೇಡಿ. ಅದು ಸಮುದ್ರದ ಕೆಲಸ.

ಲಾವಾ ಎಂಥ ಜಾಗದಲ್ಲಿ ಹುಟ್ಟಿತು ಎಂಬ ಸುಳಿವು ಕೊಡುವ ಟೈಟೇನಿಯಂ–ವೆನೇಡಿಯಂ ಅನುಪಾತಕ್ಕೆ ಎಕ್ಸ್‌ಆರ್‌ಎಫ್ ಸಾಕು. ಟೈಟೇನಿಯಂ ಆಕ್ಸೈಡ್ ಶೇ. 1.20 ಇದ್ದರೆ ಟೈಟೇನಿಯಂ ಸುಮಾರು 7,190 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ). ವೆನೇಡಿಯಂ 290 ಆದರೆ ಅನುಪಾತ 25: ಮಧ್ಯಸಾಗರ ದಿಣ್ಣೆಯ (ಸಾಗರತಳ ಬಿರಿದು ಹೊಸ ತಳ ಹುಟ್ಟುವ ಸಾಲು) ಕಡೆಗೆ ಬೊಟ್ಟು. 10ರಿಂದ 20ರೊಳಗಿದ್ದರೆ ದ್ವೀಪ ಕಮಾನಿನ (ಒಂದು ಭೂಫಲಕ ಇನ್ನೊಂದರ ಕೆಳಗೆ ಮುಳುಗುವಲ್ಲಿ ಏಳುವ ಜ್ವಾಲಾಮುಖಿ ದ್ವೀಪಗಳ ಸಾಲು) ಕಡೆಗೆ.

ಇಲ್ಲಿಂದ ಮುಂದೆ ಹುಷಾರಾಗಿರಬೇಕು. ಕೆಳಗೆ ಮುಳುಗುವ ಫಲಕದಿಂದ ಮೇಲೇರುವ ದ್ರವ ಥೋರಿಯಂ, ಲ್ಯಾಂಥನಂ, ಬೇರಿಯಂಗಳನ್ನು ಹೊತ್ತು ತರುತ್ತದೆ, ನಯೋಬಿಯಂ ಮತ್ತು ಟ್ಯಾಂಟಲಂ ಅಷ್ಟಾಗಿ ಬರುವುದಿಲ್ಲ. ಧಾತುಗಳ ನಕ್ಷೆಯಲ್ಲಿ ಈ ಎರಡರ ಕೊರತೆ ತಗ್ಗಾಗಿ ಕಾಣುತ್ತದೆ, ಆ ತಗ್ಗೇ ಕಮಾನಿನ ಗುರುತು. ಲ್ಯಾಬಿನವರು ಕಲ್ಲು ಅರೆಯುವುದೋ ಟಂಗ್‌ಸ್ಟನ್ ಕಾರ್ಬೈಡ್ ಮಿಲ್ಲಿನಲ್ಲಿ. ಅದು ಟಂಗ್‌ಸ್ಟನ್, ಕೋಬಾಲ್ಟ್ ಜೊತೆಗೆ ಟ್ಯಾಂಟಲಂ ಕೂಡ ಬಿಟ್ಟುಕೊಡಬಲ್ಲದು. ತಗ್ಗು ತುಂಬಿ ಕಮಾನಿನ ಲಾವಾ ದಿಣ್ಣೆಯ ಲಾವಾದಂತೆ ಕಾಣುತ್ತದೆ. ರಿಪೋರ್ಟಿನಲ್ಲಿ ಟಂಗ್‌ಸ್ಟನ್ ಹತ್ತಾರು ಪಿಪಿಎಂ, ಕೋಬಾಲ್ಟ್ 90 ಕಂಡರೆ ಅದು ಮಿಲ್ಲಿನದೇ ಕೊಡುಗೆ. ಬಸಾಲ್ಟ್‌ನಲ್ಲಿ ಕೋಬಾಲ್ಟ್ ಸಾಮಾನ್ಯವಾಗಿ 40–50.

ಹಾಗಾಗಿ ಅರೆಸುವ ಕೆಲಸ ಬೇರೆ ಕಡೆ ಅಗೇಟ್ ಮಿಲ್ಲಿನಲ್ಲಿ ಮಾಡಿಸಿ, ಪುಡಿಯನ್ನಷ್ಟೇ ಇವರಿಗೆ ಕೊಡಿ. ಅರ್ಧ ಕೆಜಿ ಕಲ್ಲು ಸಾಕು. ಮೊದಲು ಕಂದು ಸಿಪ್ಪೆ ಕತ್ತರಿಸಿ ತೆಗೆಯಿರಿ, ಗುಳ್ಳೆಗಳಲ್ಲಿ ತುಂಬಿದ ಬಿಳಿ ಖನಿಜದ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ನೊರೆ ಬಂದ ಚೂರುಗಳನ್ನು ಆರಿಸಿ ಎಸೆಯಿರಿ; ಅವು ಕ್ಯಾಲ್ಸೈಟ್. ಉಳಿದದ್ದನ್ನು 200 ಮೆಶ್‌ಗೆ ಅರೆಸಿದರೆ 50 ಗ್ರಾಂ ಪುಡಿ ಧಾರಾಳ.

ಬೋನಿನೈಟ್ (ಕಮಾನಿನ ಕಡೆಯ, ಮೆಗ್ನೀಸಿಯಂ ಹೆಚ್ಚಿರುವ ಒಂದು ಲಾವಾ) ಇದ್ದರೆ ಎಕ್ಸ್‌ಆರ್‌ಎಫ್‌ನ ನಯೋಬಿಯಂ ನೋಡಲೇಬೇಡಿ. ಅದು ಹೆಚ್ಚಾಗಿ 1 ಪಿಪಿಎಂಗಿಂತ ಕಡಿಮೆ, ಯಂತ್ರಕ್ಕೆ ಎಟಕುವುದಿಲ್ಲ. ಐಸಿಪಿ-ಎಂಎಸ್ (ಕರಗಿಸಿದ ಸ್ಯಾಂಪಲ್‌ನಲ್ಲಿ ಅತಿ ಸಣ್ಣ ಪ್ರಮಾಣವನ್ನೂ ಅಳೆಯುವ ವಿಧಾನ) ಮಾಡಿಸಿ. ಆಮ್ಲದಲ್ಲಿ ಮಾತ್ರ ಕರಗಿಸಿದರೆ ಕ್ರೋಮಿಯಂ ಇರುವ ಖನಿಜ ಕ್ರೋಮೈಟ್ ತಳದಲ್ಲೇ ಉಳಿದು ಕ್ರೋಮಿಯಂ ಕಡಿಮೆ ತೋರಿಸುತ್ತದೆ. ಲಿಥಿಯಂ ಬೋರೇಟ್ ಜೊತೆ ಕರಗಿಸಿ ಎಂದು ಆರ್ಡರಿನಲ್ಲೇ ಬರೆಯಿರಿ.

ಇವರು ತೋರಿಸುವ ಮಾನಕ (ಅಂಕಿಗಳು ಮೊದಲೇ ಗೊತ್ತಿರುವ, ಅಳತೆ ತಾಳೆ ನೋಡುವ ಕಲ್ಲುಪುಡಿ) ಹವಾಯಿಯ ಬಿಎಚ್‌ವಿಒ-2. ಅದರಲ್ಲಿ ನಯೋಬಿಯಂ ಸುಮಾರು 18 ಪಿಪಿಎಂ, ಅದು ಸರಿಬಂದರೆ ನಿಮ್ಮ ಬೋನಿನೈಟ್‌ನ 0.5 ಸರಿ ಎಂದಾಗುವುದಿಲ್ಲ. ಐಸ್‌ಲ್ಯಾಂಡಿನ ಬಿಐಆರ್-1 ಕೂಡ ಓಡಿಸಿ ಎಂದು ಹಟ ಹಿಡಿಯಿರಿ, ಅದರಲ್ಲಿ ಸುಮಾರು 0.6.

ಸೂಕ್ಷ್ಮದರ್ಶಕದಲ್ಲಿ ನೋಡಲು ಇವರು ಮಾಡಿಕೊಡುವ ಕಲ್ಲಿನ ತೆಳುಪದರ ಸ್ಲೈಡುಗಳು ಪರವಾಗಿಲ್ಲ, ಸ್ವಲ್ಪ ದಪ್ಪ. 30 ಮೈಕ್ರಾನ್‌ನಲ್ಲಿ ಬೂದು ಬಣ್ಣಕ್ಕಿರಬೇಕಾದ ಪ್ಲಾಜಿಯೋಕ್ಲೇಸ್ ಖನಿಜ ಕ್ರಾಸ್ ಪೋಲರ್‌ನಲ್ಲಿ (ಅಡ್ಡಡ್ಡ ಇಟ್ಟ ಎರಡು ಧ್ರುವಕಗಳ ನಡುವೆ) ಹಳದಿ ಕಂಡರೆ ವಾಪಸ್ ಕೊಟ್ಟು ಇನ್ನಷ್ಟು ಉಜ್ಜಿಸಿ. ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.