ಮೆಣಸಿನಕಾಯಿ ಹೊಲದ ಬಾವಿ ನೀರಿಗೆ ಯಾವ ಯಂತ್ರ?

ಬ್ಯಾಡಗಿ ಸೀಮೆಯ ನಮ್ಮ ಬಾವಿ ಮೆಣಸಿನಕಾಯಿ ಹೊಲಗಳ ನಡುವೆಯೇ ಇದೆ. ಹಂಗಾಮು ಬಂದರೆ ಸುತ್ತಲಿನವರು ಕೀಟನಾಶಕ ಔಷಧಿ ಹೊಡೆದು ಸಿಂಪರಣೆ ಪಂಪನ್ನು ಬಾವಿಕಟ್ಟೆಯ ಮೇಲೆಯೇ ತೊಳೆಯುತ್ತಾರೆ. ಯುವಿ, ಬರೀ ಕಾರ್ಬನ್, ಕಾರ್ಬನ್ ಇರುವ ಆರ್‌ಒ (ನೀರನ್ನು ಒತ್ತಡದಿಂದ ಪೊರೆಯ ಮೂಲಕ ಸೋಸುವುದು) ಈ ಮೂರು ಬಗೆಯ ನೀರು ಶುದ್ಧಿ ಯಂತ್ರಗಳನ್ನೂ ಬಳಸಿದ್ದೇನೆ. ಇಂಥ ನೀರಿಗೆ ಕೊನೆಯದೇ ಬೇಕು.

ಯುವಿ ದೀಪ ರೋಗಾಣುಗಳಿಗೆ ಸಾಕು, ಕೀಟನಾಶಕಕ್ಕೆ ಅದನ್ನು ನಂಬುವಂತಿಲ್ಲ. ಕುದಿಸಿದರೂ ನೀರು ಆವಿಯಾಗಿ ವಿಷದ ಬಹುಪಾಲು ಪಾತ್ರೆಯಲ್ಲೇ ಉಳಿಯುತ್ತದೆ.

ಕಾರ್ಬನ್ ಫಿಲ್ಟರ್ ಅಗ್ಗ, ಕರೆಂಟೂ ಬೇಡ. ನೀರಿನಲ್ಲಿ ಅಷ್ಟಾಗಿ ಕರಗದ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕಗಳು ಅದಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತವೆ. ನೀರಿನಲ್ಲಿ ಪೂರ್ತಿ ಕರಗುವ ಮೊನೊಕ್ರೊಟೊಫಾಸ್ ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ. ಅದಕ್ಕಾಗಿಯೇ ಕಾರ್ಬನ್ ಆದಮೇಲೆ ಆರ್‌ಒ ಪೊರೆಯೂ ಇರಬೇಕು.

ಆರ್‌ಒ ಕೊಂಡ ಮೇಲಿನ ದೊಡ್ಡ ಕಿರಿಕಿರಿ ಟಿಡಿಎಸ್ ಮೀಟರಿನದು. ಕಾರ್ಬನ್ ಕಾರ್ಟ್ರಿಜ್ ಬದಲಿಸಲು ಬರುವ ತರುಣ ಲೋಟದಲ್ಲಿ ಮೀಟರ್ ಅದ್ದಿ, "ನೀರು ಚೆನ್ನಾಗಿದೆ, ಇನ್ನೂ ಬಳಸಿ" ಎನ್ನುತ್ತಾನೆ. ಮೀಟರ್ ಅಳೆಯುವುದು ವಿದ್ಯುತ್ ಹರಿಸುವ ಲವಣಗಳನ್ನು, ಅದೂ ಲೀಟರಿಗೆ ಮಿಲಿಗ್ರಾಂಗಳಲ್ಲಿ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಮೊನೊಕ್ರೊಟೊಫಾಸ್ ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದು. ಅಂದರೆ ಮಿಲಿಗ್ರಾಂನ ಸಾವಿರದಲ್ಲೊಂದು ಪಾಲು. ಅದು ಮೀಟರಿಗೆ ಕಾಣುವುದೇ ಇಲ್ಲ!

ಕಾರ್ಬನ್ ತುಂಬಿಹೋದರೂ ನೀರಿನ ರುಚಿ, ಬಣ್ಣ ಬದಲಾಗಬೇಕೆಂದಿಲ್ಲ. ಪೊಟ್ಟಣದ ಮೇಲಿನ ಲೀಟರ್ ಲೆಕ್ಕ ಹೊಲದ ಪಕ್ಕದ ಬಾವಿಯನ್ನು ನೆನೆದು ಬರೆದದ್ದಲ್ಲ. ಆದ್ದರಿಂದ ಮೀಟರ್ ಏನೇ ಹೇಳಲಿ, ಸಿಂಪರಣೆ ಶುರುವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಕಾರ್ಟ್ರಿಜ್ ಬದಲಿಸುತ್ತೇನೆ. ಆತ ಗೊಣಗುತ್ತಾನೆ, ಗೊಣಗಲಿ.

ಆರ್‌ಒ ಸೋಸದೆ ಹೊರಗೆ ಬಿಡುವ ನೀರು ಬಹಳ. ಅದರಲ್ಲಿ ವಿಷವೂ ಇರಬಹುದಾದ್ದರಿಂದ ದನಗಳಿಗೆ ಕುಡಿಸುವುದಿಲ್ಲ, ಬಾವಿಯ ಬಳಿಯೂ ಬಿಡುವುದಿಲ್ಲ.

ಕೈ ಬಿಗಿಯಿರುವವರಿಗೆ ಮೊದಲು ಹೇಳುವುದು ಬೇರೆಯೇ: ಪಂಪ್ ತೊಳೆಯುವ ಜಾಗವನ್ನು ಬಾವಿಯಿಂದ ದೂರ ಮಾಡಿಸಿ, ಖಾಲಿ ಔಷಧಿ ಡಬ್ಬಿಗಳಲ್ಲಿ ನೀರು ತುಂಬಬೇಡಿ. ಇದಕ್ಕೆ ಕಾಸೂ ಖರ್ಚಿಲ್ಲ. ಆಮೇಲೂ ಹಣವಿದ್ದರೆ ಆರ್‌ಒ ಕೊಳ್ಳಿ, ವರ್ಷದ ಕಾರ್ಟ್ರಿಜ್ ಖರ್ಚನ್ನೂ ಬೆಲೆಗೆ ಸೇರಿಸಿಕೊಂಡೇ ಲೆಕ್ಕ ಹಾಕಿ. ಬಾವಿಗೆ ಔಷಧಿ ನೇರವಾಗಿ ಬಿದ್ದ ಅನುಮಾನವಿದ್ದರೆ ಈ ಯಂತ್ರದ ನೀರನ್ನೂ ನಾನು ಕುಡಿಯುವುದಿಲ್ಲ. ಕುಡಿದವರಿಗೆ ವಾಂತಿ, ವಿಪರೀತ ಬೆವರು, ಬಾಯಲ್ಲಿ ಜೊಲ್ಲು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಿ, ಔಷಧಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿ.